ಕೂತ ಮನುಷ್ಯ, ಮೈಮೇಲೆಲ್ಲ ಗೀರು: ಈ ಫ್ರೆಂಚ್ ಎಚ್ಚಿಂಗ್ ತಗೊಳ್ಳಬಹುದಾ?

ಸೋನ್ ದಡ:
ಎಲ್ಲರಿಗೂ ನಮಸ್ಕಾರ. ಕಲೆಯ ವಿಷಯದಲ್ಲಿ ನಾನು ಹೊಸಬ. ಪೆದ್ದು ಪ್ರಶ್ನೆ ಅನ್ನಿಸಿದರೆ ಬೈದುಕೊಳ್ಳಬೇಡಿ.

ಕೆಲಸದ ಮೇಲೆ ಲಿಯಾನ್‌ಗೆ ಬಂದು ಎರಡು ವರ್ಷ ಆಯಿತು. ಇಲ್ಲಿ ಸೋನ್ ನದಿಯ ದಡದಲ್ಲಿ ಹಳೇ ಪುಸ್ತಕ ಮಾರುವವರ ಸಾಲು ಇದೆ. ಶನಿವಾರ ಸುಮ್ನೆ ಸುತ್ತುತ್ತಾ ಪಕ್ಕದ ಗಲ್ಲಿಯ ಒಂದು ಹಳೇ ಚಿತ್ರಗಳ ಅಂಗಡಿಗೆ ನುಗ್ಗಿದೆ. ಒಂದು ಫೋಲ್ಡರ್ ತಿರುವಿ ಹಾಕುವಾಗ ಇದು ಸಿಕ್ಕಿತು. ಗಡ್ಡದ ಮನುಷ್ಯ, ಉದ್ದ ಕೋಟು, ಕೈಯಲ್ಲಿ ಎತ್ತರದ ಹ್ಯಾಟ್, ಕುರ್ಚಿಯಲ್ಲಿ ಕೂತಿದ್ದಾನೆ. ಚಿತ್ರ ದೊಡ್ಡದೇನಲ್ಲ, ಎತ್ತರ 20 ಸೆಂ.ಮೀ. ಇರಬಹುದು. ಆದರೆ ಕೂತ ರೀತಿ ನೋಡಿದರೆ, ಮನೆಗೆ ಬಂದು "ಕಾಫಿ ಬೇಡ, ಹೊರಟೆ" ಅನ್ನುತ್ತಲೇ ಅರ್ಧ ಗಂಟೆ ಕೂರುವ ನೆಂಟನ ನೆನಪಾಗುತ್ತದೆ. ನನಗೆ ಬಹಳ ಇಷ್ಟವಾಯಿತು.

ಮಾಡಿದವರು ದೆಗಾ, ಕೂತಿರುವುದು ಮಾನೆ ಅಂದರು ಅಂಗಡಿಯಾಕೆ. ಇಬ್ಬರೂ ಹಳೇ ಕಾಲದ ಫ್ರೆಂಚ್ ಚಿತ್ರಕಾರರಂತೆ. ತೊಂದರೆ ಏನೆಂದರೆ ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಗೀರುಗಳಿವೆ. ಮನೆಯ ಮಗು ಪೆನ್ನು ಹಿಡಿದು ಗೀಚಿದ ಹಾಗೆ. ಕೆಳಗೆ ಪೆನ್ಸಿಲಿನಲ್ಲಿ "ಡಿ" ಅಂತ ಬರೆದು ಪಕ್ಕದಲ್ಲಿ ಒಂದು ನಂಬರ್. ಬೆಲೆ ನನ್ನ ಒಂದು ತಿಂಗಳ ಬಾಡಿಗೆಗಿಂತ ಸ್ವಲ್ಪ ಕಡಿಮೆ. ಹಾಳಾದ ಚಿತ್ರಕ್ಕೆ ಇಷ್ಟು ದುಡ್ಡು ಯಾಕೆ ಅಂತ ಕೇಳಿದೆ. ಆಕೆ ನಕ್ಕು ಏನೋ ಹೇಳಿದರು. ನನ್ನ ಫ್ರೆಂಚ್ ಅಲ್ಲಿಗೆ ಮುಗಿಯಿತು.

ತಿಳಿದವರು ಹೇಳಿ. ತಗೊಳ್ಳಲೋ, ಬಿಡಲೋ?

ನಿದ್ದೆಗೆಟ್ಟವ:
ಮಾನೆ ಅಂದ್ರೆ ಆ ಕೊಳದ ತಾವರೆಗಳ ಚಿತ್ರ ಬರೆದವರಲ್ವಾ?

ನೀಲಿಕೊಡೆ:
ಅವರು ಮೋನೆ, ಇವರು ಮಾನೆ. ನೀವೊಬ್ಬರೇ ಎಡವಿದ್ದಲ್ಲ ಬಿಡಿ. 1865ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಮೋನೆಯ ಸಮುದ್ರದ ಚಿತ್ರಗಳನ್ನು ನೋಡಿದ ಜನ ಮಾನೆಗೆ ಬಂದು ಶಹಬ್ಬಾಸ್ ಹೇಳಿದ್ದರು. ಮಾನೆ ಕೆಂಡಾಮಂಡಲ.

ಖಾರಾಬಾತ್:
ಸೋನ್ ದಡ ಅವರೇ, ದುಡ್ಡು ಉಳಿಸಿ. ಎಚ್ಚಿಂಗ್ ಅಂದ್ರೆ ಪ್ರಿಂಟ್. ಪ್ರಿಂಟ್ ಅಂದ್ರೆ ಕಾಪಿ. ಒಂದು ಅಚ್ಚಿನಿಂದ ನೂರು ತೆಗೆಯಬಹುದು ಅಂದ ಮೇಲೆ ಜೆರಾಕ್ಸಿಗೂ ಅದಕ್ಕೂ ಏನು ವ್ಯತ್ಯಾಸ? ಅದರ ಮೇಲೆ ಗೀರು ಬೇರೆ. ಅದೇ ಚಿತ್ರವನ್ನು ಮ್ಯೂಸಿಯಂ ಸೈಟಿನಿಂದ ಇಳಿಸಿಕೊಂಡು, ಒಳ್ಳೇ ಪೇಪರ್ ಮೇಲೆ ಪ್ರಿಂಟ್ ಹಾಕಿಸಿ ಫ್ರೇಮ್ ಕಟ್ಟಿಸಿ. ಗೀರಿಲ್ಲದ್ದೇ ಸಿಗುತ್ತದೆ.

ಮಸಿಬೆರಳು:
ಖಾರಾಬಾತ್ ಅವರ ಹತ್ತಿರ ಆಮೇಲೆ ಜಗಳ ಆಡುತ್ತೇನೆ. ಮೊದಲು ಸೋನ್ ದಡ ಅವರಿಗೆ.

ನಾನು ಕಾಲೇಜಿನಲ್ಲಿ ಪ್ರಿಂಟ್‌ಮೇಕಿಂಗ್ ಓದಿದವಳು. ಈಗಲೂ ಬಿಡುವಾದಾಗ ತಾಮ್ರದ ಪ್ಲೇಟ್ ಹಿಡಿದು ಕೂರುತ್ತೇನೆ. ಇನ್ನೊಂದು ಸಲ ಅಂಗಡಿಗೆ ಹೋಗಿ ಈ ಕೆಲಸ ಮಾಡಿ. ಕಾಗದವನ್ನು ಕಿಟಕಿಯ ಹತ್ತಿರ ಓರೆಯಾಗಿ ಹಿಡಿಯಿರಿ. ಚಿತ್ರದ ಸುತ್ತ ಚೌಕಾಕಾರದ ಒತ್ತು ಕಾಣುತ್ತದಾ? ಚಿತ್ರ ಕೊರೆದ ತಾಮ್ರದ ತಗಡನ್ನು ಪ್ರೆಸ್ಸಿನಲ್ಲಿ ಒತ್ತಿದಾಗ ಕಾಗದ ಒಳಗೆ ಕುಸಿದ ಗುರುತು ಅದು. ಆಮೇಲೆ ಕೇಳಿಕೊಂಡು ಹಿಂಬದಿಯನ್ನು ನೋಡಿ. ಗೆರೆಗಳು ಜಾಸ್ತಿ ಇರುವ ಕಡೆ ಸ್ವಲ್ಪ ಉಬ್ಬು ಇರಬೇಕು. ಭೂತಗನ್ನಡಿ ಇದ್ದರೆ ಗೆರೆಯ ಮೇಲೆ ಹಿಡಿಯಿರಿ. ಚುಕ್ಕಿ ಚುಕ್ಕಿಯಾಗಿ ಕಂಡರೆ ಅದು ಪುಸ್ತಕದಿಂದ ಹರಿದ ಹಾಳೆ, ಬಿಟ್ಟು ಬನ್ನಿ. ಗೆರೆಯ ಮೇಲೆ ಇಂಕು ಸಣ್ಣ ಏರಿ ಹಾಗೆ ಎದ್ದು ನಿಂತಿದ್ದರೆ ಅದು ತಗಡಿನಿಂದಲೇ ಬಂದದ್ದು.

ಮುಖ್ಯವಾದದ್ದು ಇನ್ನೊಂದು. ಆ ಗೀರುಗಳ ಮೇಲೂ ಕನ್ನಡಿ ಹಿಡಿಯಿರಿ. ಅವು ಚಿತ್ರದ ಗೆರೆಗಳ ಥರವೇ ಎದ್ದು ನಿಂತಿವೆಯಾ, ಅಥವಾ ಪೆನ್ನಿನ ಇಂಕಿನ ಹಾಗೆ ಕಾಗದಕ್ಕೆ ಇಂಗಿವೆಯಾ? ಉತ್ತರ ತಂದ ಮೇಲೆ ಉಳಿದದ್ದು ಹೇಳುತ್ತೇನೆ. ನನಗೊಂದು ಅನುಮಾನ ಇದೆ.

ಟೈಲರ್ ಮಗ:
ಮಾನೆ ಮೆಂಟೇನ್ ಮಾಡಿರೋ ಕೋಟು ನೋಡಿ ಸ್ವಾಮಿ. ಮ್ಯೂಸಿಯಂ ಸೈಟಿನಲ್ಲಿ ದೊಡ್ಡದು ಮಾಡಿ ನೋಡಿದೆ. ಚಿತ್ರಕಾರ ಅಂದ್ರೆ ಹರಕು ಅಂಗಿ ಅಂದುಕೊಂಡಿದ್ದೆ.

ನೀಲಿಕೊಡೆ:
ಟೈಲರ್ ಮಗ ಅವರೇ, ಹರಕು ಅಂಗಿಯ ಮನೆಯಿಂದ ಇಬ್ಬರೂ ಬಂದವರಲ್ಲ. ಮಾನೆಯ ಅಪ್ಪ ನ್ಯಾಯ ಇಲಾಖೆಯ ದೊಡ್ಡ ಅಧಿಕಾರಿ. ದೆಗಾ ಅಪ್ಪ ಬ್ಯಾಂಕಿನವರು. ಮಾನೆ ಹುಟ್ಟಿದ್ದು 1832, ದೆಗಾ 1834. ಈ ಎಚ್ಚಿಂಗ್ 1860ರ ದಶಕದ ನಡುವಿನದು, ಅಂದರೆ ಇಬ್ಬರಿಗೂ ಮೂವತ್ತರ ಆಸುಪಾಸು.

ಆ ಹೊತ್ತಿಗೆ ಮಾನೆ ಪ್ಯಾರಿಸ್ಸಿನಲ್ಲಿ ಎಲ್ಲರಿಗಿಂತ ಜಾಸ್ತಿ ಬೈಸಿಕೊಂಡ ಚಿತ್ರಕಾರ. 1863ರಲ್ಲಿ ಬೆತ್ತಲೆ ಹೆಂಗಸಿನ ಜೊತೆ ಕಾಡಿನಲ್ಲಿ ಊಟಕ್ಕೆ ಕೂತವರ ಚಿತ್ರ, 1865ರಲ್ಲಿ ಬೆತ್ತಲೆ ಮಲಗಿದವಳ ಚಿತ್ರ ಒಲಿಂಪಿಯಾ. ಜನ ಮುಗಿಬಿದ್ದು ನೋಡಿದರು, ನಕ್ಕರು, ಉಗಿದರು. ಅಂಥವನನ್ನು ದೆಗಾ ಹೇಗೆ ತೋರಿಸಿದ್ದಾರೆ ನೋಡಿ. ಕ್ರಾಂತಿಕಾರನ ಹಾಗಲ್ಲ, ಕೈಯಲ್ಲಿ ಬ್ರಷ್ಷೂ ಇಲ್ಲ. ನೀಟಾಗಿ ಬಟ್ಟೆ ಹಾಕಿದ, ಒಳ್ಳೇ ಮನೆಯ ಹುಡುಗ ಗೆಳೆಯನ ಮನೆಗೆ ಬಂದು ಕೂತಿದ್ದಾನೆ. ನನಗೆ ಈ ಚಿತ್ರದಲ್ಲಿ ಹಿಡಿಸುವುದೇ ಅದು.

ಖಾರಾಬಾತ್:
ಪ್ರಿಂಟೇ ಇರಲಿ, ಕಥೆ ಚೆನ್ನಾಗಿದೆ. ಮುಂದುವರಿಸಿ ಮೇಡಂ.

ನೀಲಿಕೊಡೆ:
ಇವರಿಬ್ಬರ ಪರಿಚಯ ಆದದ್ದೇ ತಾಮ್ರದ ತಗಡಿನ ಮುಂದೆ ಅಂತಾರೆ. 1860ರ ದಶಕದ ಶುರುವಿನಲ್ಲಿ ಲೂವ್ರ್ ಮ್ಯೂಸಿಯಂನಲ್ಲಿ ದೆಗಾ ನಿಂತು ಒಂದು ಚಿತ್ರವನ್ನು ನಕಲು ಮಾಡುತ್ತಿದ್ದರಂತೆ. ಸ್ಪೇನಿನ ಪುಟ್ಟ ರಾಜಕುಮಾರಿ ಮಾರ್ಗರಿಟಾಳ ಚಿತ್ರ, ಸ್ಪೇನಿನ ಹಳೇ ಚಿತ್ರಕಾರ ವೆಲಾಸ್ಕೆಸ್ ಅವರದು ಅಂತ ಆಗ ಎಲ್ಲರೂ ನಂಬಿದ್ದದ್ದು. ಕಾಗದದ ಮೇಲೆ ಬರೆದುಕೊಳ್ಳದೆ ನೇರವಾಗಿ ತಗಡಿನ ಮೇಲೆ ಸೂಜಿ ಹಿಡಿದು ಎಳೆಯುತ್ತಿದ್ದರು. ಹಿಂದೆ ಬಂದು ನಿಂತ ಮಾನೆ, ಏನು ಧೈರ್ಯ ನಿಮ್ಮದು ಅಂತ ಬೆರಗಾದರು. ಅಲ್ಲಿಂದ ಸ್ನೇಹ. ಸ್ನೇಹ ಅಂದರೆ ಜಗಳವೂ ಸೇರಿದ ಸ್ನೇಹ. ಆ ಕಥೆ ಆಮೇಲೆ.

ಇನ್ನೊಂದು ಮಾತು. ದೆಗಾ ಮಾನೆಯನ್ನು ಮತ್ತೆ ಮತ್ತೆ ಬರೆದರು. ಪೆನ್ಸಿಲಿನಲ್ಲಿ, ಎಣ್ಣೆ ಬಣ್ಣದಲ್ಲಿ, ಎಚ್ಚಿಂಗಿನಲ್ಲಿ. ಎಚ್ಚಿಂಗಿನಲ್ಲೇ ಎಡಕ್ಕೆ ತಿರುಗಿ ಕೂತದ್ದು ಒಂದು, ಬಲಕ್ಕೆ ತಿರುಗಿ ಕೂತದ್ದು ಒಂದು, ಎದೆಮಟ್ಟದ್ದು ಒಂದು. ಮಾನೆ ಬರೆದ ದೆಗಾ ಚಿತ್ರ ಮಾತ್ರ ಒಂದೂ ಉಳಿದು ಬಂದಿಲ್ಲ.

ನಿದ್ದೆಗೆಟ್ಟವ:
ಒನ್ ಸೈಡ್ ಲವ್ 😀

ಸೋನ್ ದಡ:
ಇವತ್ತು ಆಫೀಸಿನಿಂದ ಬೇಗ ಹೊರಟು ಅಂಗಡಿಗೆ ಹೋಗಿ ಬಂದೆ. ಮಸಿಬೆರಳು ಮೇಡಂ, ವರದಿ ಹೀಗಿದೆ.

ಚೌಕದ ಒತ್ತು ಇದೆ. ಬೆರಳಿಗೇ ತಾಕುತ್ತದೆ. ಹಿಂಬದಿಯಲ್ಲಿ ಕೋಟಿನ ಜಾಗ ಸ್ವಲ್ಪ ಉಬ್ಬಿದೆ. ಚುಕ್ಕಿಗಳು ಇಲ್ಲ. ಅಂಗಡಿಯಾಕೆಯೇ ಒಂದು ಸಣ್ಣ ಭೂತಗನ್ನಡಿ ಕೊಟ್ಟರು. ಗೀರಿನ ಮೇಲೆ ಹಿಡಿದು ನೋಡಿದರೆ ವಿಚಿತ್ರ. ಗೀರಿನ ಇಂಕೂ ಹಾಗೇ ಎದ್ದು ನಿಂತಿದೆ! ಅಂದರೆ ಗೀಚಿದ್ದು ಕಾಗದದ ಮೇಲೆ ಅಲ್ಲವೇ ಅಲ್ಲ?

ಮಸಿಬೆರಳು:
ಅದೇ ನನ್ನ ಅನುಮಾನ. ಗೀರು ಇರುವುದು ತಗಡಿನ ಮೇಲೆ.

ಎಚ್ಚಿಂಗ್ ಹೇಗೆ ಆಗುತ್ತದೆ ಅಂತ ಹೇಳಿದರೆ ಇದು ಅರ್ಥವಾಗುತ್ತದೆ. ನಯ ಮಾಡಿದ ತಾಮ್ರದ ತಗಡಿನ ಮೇಲೆ ಮೇಣ, ಡಾಂಬರು, ರಾಳ ಕೂಡಿಸಿದ ತೆಳುವಾದ ಲೇಪ ಹಚ್ಚುತ್ತಾರೆ. ಮೇಣದಬತ್ತಿಯ ಹೊಗೆ ಹಿಡಿದು ಅದನ್ನು ಕಪ್ಪಗೆ ಮಾಡುತ್ತಾರೆ. ಸೂಜಿಯಿಂದ ಗೆರೆ ಎಳೆದ ಕಡೆ ಲೇಪ ಹೋಗಿ ಕೆಂಪು ತಾಮ್ರ ಮಿನುಗುತ್ತದೆ. ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಅಂಗಡಿಯವನು ಹೆಸರು ಕೊರೆಯುತ್ತಾನಲ್ಲ, ಅದು ಬೇರೆ ದಾರಿ. ಅಲ್ಲಿ ಲೋಹವನ್ನು ಕೊರೆಯುವುದು ಉಪಕರಣವೇ. ಇಲ್ಲಿ ಕೈಗೆ ಪೆನ್ಸಿಲ್ ಹಿಡಿದಷ್ಟೇ ಸಲೀಸು. ಕೊರೆಯುವ ಕೆಲಸ ಆಸಿಡ್‌ನದು. ತಗಡನ್ನು ಆಸಿಡ್‌ನಲ್ಲಿ ಇಟ್ಟರೆ ಲೇಪ ಹೋದ ಕಡೆ ಮಾತ್ರ ತಾಮ್ರವನ್ನು ತಿನ್ನುತ್ತದೆ. ಆಗ ಬಳಸುತ್ತಿದ್ದದ್ದು ನೈಟ್ರಿಕ್ ಆಸಿಡ್. ಎಚ್ಚಿಂಗಿಗೆ ಫ್ರೆಂಚರ ಹೆಸರು ಓ-ಫೋರ್ತ್. ನಮ್ಮ ಮಾತಲ್ಲಿ ಹೇಳಬೇಕೆಂದರೆ ಕಡಕ್ ನೀರು.

ಜಾಸ್ತಿ ಹೊತ್ತು ಇಟ್ಟರೆ ಗೆರೆ ಆಳವಾಗಿ ಕಪ್ಪಾಗಿ ಬರುತ್ತದೆ, ಬೇಗ ತೆಗೆದರೆ ತೆಳು. ಮುಖದ ತೆಳು ಗೆರೆಗಳು ಸಾಕು ಅನ್ನಿಸಿದಾಗ ತಗಡು ಹೊರಗೆ ತೆಗೆದು, ಅಷ್ಟು ಜಾಗಕ್ಕೆ ವಾರ್ನಿಶ್ ಬಳಿದು, ಕೋಟಿಗಾಗಿ ಮತ್ತೆ ಆಸಿಡ್‌ನಲ್ಲಿ ಇಡಬಹುದು. ಕೊನೆಗೆ ಲೇಪ ಎಲ್ಲ ಒರೆಸಿ, ಇಂಕು ತುಂಬಿ, ಮೇಲಿನ ಇಂಕನ್ನು ಗಂಜಿ ಹಾಕಿದ ಬಲೆಬಟ್ಟೆಯಿಂದ ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿನಲ್ಲಿ ಎಳೆಯುತ್ತಾರೆ. ಕಾಗದ ಗೆರೆಯ ಒಳಗೆ ಇಳಿದು ಇಂಕು ಎತ್ತಿಕೊಂಡು ಬರುತ್ತದೆ. ಆದ್ದರಿಂದಲೇ ಇಂಕು ಏರಿ ಹಾಗೆ ನಿಲ್ಲುವುದು. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತದೆ. "ಬಲಕ್ಕೆ ತಿರುಗಿದ ಮಾನೆ" ತಗಡಿನ ಮೇಲೆ ಎಡಕ್ಕೆ ತಿರುಗಿರುತ್ತಾನೆ.

ಈಗ ಯೋಚಿಸಿ. ತಗಡಿನ ಮೇಲೆ ಯಾರಾದರೂ ಮೊಳೆಯಿಂದ ಗೀರು ಹಾಕಿದರೆ ಏನಾಗುತ್ತದೆ? ಗೀರಿನಲ್ಲಿ ಇಂಕು ತುಂಬುತ್ತದೆ. ಅಚ್ಚಿನಲ್ಲಿ ಕಪ್ಪು ಗೆರೆಯಾಗಿ ಬರುತ್ತದೆ. ಯಾಕೆ ಗೀರು ಹಾಕಿದರು ಅಂತ ಹೇಳಲು ನನಗಿಂತ ಹಳೇಕಾಗದ ಸರ್ ಸರಿ. ಸರ್, ಇದ್ದೀರಾ?

ಹಳೇಕಾಗದ:
ಇದ್ದೀನಮ್ಮ. ಮೊಮ್ಮಗಳ ಹುಟ್ಟುಹಬ್ಬ ಇತ್ತು, ಈಗ ಕೂತೆ.

ಬ್ಯಾಂಕಿನಲ್ಲಿ ಕ್ಯಾನ್ಸಲ್ ಮಾಡಿದ ಚೆಕ್ ಕೇಳುತ್ತಾರಲ್ಲ, ಅಡ್ಡಕ್ಕೆ ಎರಡು ಗೆರೆ ಎಳೆದು ಕೊಡುತ್ತೇವೆ. ಇದೂ ಅದೇ. ಈ ತಗಡಿನಿಂದ ಇನ್ನು ಒಳ್ಳೇ ಅಚ್ಚು ತೆಗೆಯುವಂತಿಲ್ಲ ಅನ್ನುವುದಕ್ಕೆ ಗೀರು ಹಾಕಿ ತಗಡನ್ನು ರದ್ದು ಮಾಡುತ್ತಿದ್ದರು. ಹಾಗೆ ಮಾಡಿದರೆ ಮೊದಲು ತೆಗೆದ ಅಚ್ಚುಗಳ ಬೆಲೆ ಉಳಿಯುತ್ತದೆ. ತಮಾಷೆ ಅಂದರೆ, ರದ್ದಾದ ತಗಡಿನಿಂದಲೂ ಆಮೇಲೆ ಅಚ್ಚು ತೆಗೆದರು. ದೆಗಾ ತೀರಿಕೊಂಡದ್ದು 1917ರಲ್ಲಿ. ಅವರ ರದ್ದಾದ ತಗಡುಗಳಿಂದ ಆ ನಂತರ ತೆಗೆದ ಅಚ್ಚುಗಳು ಮಾರುಕಟ್ಟೆಯಲ್ಲಿ ಓಡಾಡುತ್ತಿವೆ. ನಿಮ್ಮ ಫೋಲ್ಡರಿನದು ಅಂಥದ್ದೇ ಅನ್ನಿಸುತ್ತದೆ.

ಪೆನ್ಸಿಲಿನ "ಡಿ" ದೆಗಾ ಹೆಸರಿನದಲ್ಲ. ಅದು ದೆಲ್ತೈಲ್. ಲೊಯಿಸ್ ದೆಲ್ತೈಲ್ ಅನ್ನುವವರು ಚಿತ್ರಕಾರರ ಪ್ರಿಂಟ್‌ಗಳಿಗೆಲ್ಲ ನಂಬರ್ ಹಾಕಿ ಪಟ್ಟಿ ಮಾಡಿದರು. ದೆಗಾ ಪಟ್ಟಿ ಬಂದದ್ದು 1919ರಲ್ಲಿ. ವ್ಯಾಪಾರಿಗಳು ಇವತ್ತಿಗೂ ಆ ನಂಬರನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಅಂಗಡಿಯಾಕೆಗೆ ತನ್ನ ಕೆಲಸ ಗೊತ್ತಿದೆ ಅಂತ ಅರ್ಥ.

ಬೆಲೆ ಮಾತ್ರ ಚೌಕಾಸಿ ಮಾಡಿ. ದೆಗಾ ಬದುಕಿದ್ದಾಗ ತೆಗೆದ ಅಚ್ಚು ಬೇರೆ ಜಾತಿ, ಅದು ನಮ್ಮ ನಿಮ್ಮ ಕೈಗೆ ಎಟುಕುವುದಲ್ಲ. ಅವರು ಮಾರಲು ಅಂತ ರಾಶಿ ಅಚ್ಚು ತೆಗೆದವರೂ ಅಲ್ಲ. ಕೆಲವನ್ನು ತೆಗೆದು, ನೋಡಿ, ತಗಡು ತಿದ್ದಿ, ಮತ್ತೆ ಕೆಲವನ್ನು ತೆಗೆದು ಗೆಳೆಯರಿಗೆ ಕೊಟ್ಟವರು.

ಖಾರಾಬಾತ್:
ಅಂದ್ರೆ ನಾನು ಹೇಳಿದ್ದೇ ಸರಿ ಆಯಿತಲ್ಲ! ಸತ್ತ ಮೇಲೆ ಯಾರೋ ಒತ್ತಿದ್ದು, ಅದೂ ರದ್ದಾದ ತಗಡಿನಿಂದ. ಇದನ್ನು ಒರಿಜಿನಲ್ ಅಂತ ಮಾರುವುದು ಅನ್ಯಾಯ ಅಲ್ವಾ? ಒತ್ತಿದವನಿಗೆ ಕೆಲಸ ಏನಿದೆ, ಇಂಕು ಹಚ್ಚು, ಹ್ಯಾಂಡಲ್ ತಿರುಗಿಸು.

ಮಸಿಬೆರಳು:
ಹ್ಯಾಂಡಲ್ ತಿರುಗಿಸು! ಒಂದು ಸಲ ಬನ್ನಿ, ತಿರುಗಿಸಿ ನೋಡುವಿರಂತೆ.

ಒಂದೇ ಹಂಚು, ಒಂದೇ ಹಿಟ್ಟು. ನಿಮ್ಮ ಮನೆಯಲ್ಲಿ ಎಲ್ಲರೂ ಹುಯ್ದ ದೋಸೆ ಒಂದೇ ಥರ ಇರುತ್ತದಾ? ಅಚ್ಚು ತೆಗೆಯುವುದರಲ್ಲಿ ಒರೆಸುವುದೇ ಅರ್ಧ ವಿದ್ಯೆ. ಬಟ್ಟೆಯಿಂದ ಒರೆಸಿ ಆಮೇಲೆ ಅಂಗೈಯಿಂದ ಒರೆಸುತ್ತೇವೆ. ಪೂರ್ತಿ ಒರೆಸಿದರೆ ಹಿನ್ನೆಲೆ ಬೆಳ್ಳಗೆ ಬರುತ್ತದೆ, ಹಗಲಿನ ಹಾಗೆ. ತೆಳುವಾಗಿ ಇಂಕು ಬಿಟ್ಟರೆ ಸಂಜೆಯಾಗುತ್ತದೆ. ಇನ್ನೂ ಸ್ವಲ್ಪ ಬಿಟ್ಟು ಒಂದು ಮೂಲೆ ಮಾತ್ರ ಒರೆಸಿದರೆ ದೀಪ ಹಚ್ಚಿದ ಹಾಗೆ. ಗೆರೆ ಅವೇ, ಹೊತ್ತು ಬೇರೆ.

ದೆಗಾ ಇದರಲ್ಲಿ ಹುಚ್ಚರು. ಇನ್ನೊಂದು ಕೂತ ಮನುಷ್ಯನ ಎಚ್ಚಿಂಗ್ ಇದೆ, 1857ರದು. ದೆಗಾಗೆ ಆಗ ಇಪ್ಪತ್ತಮೂರು ವರ್ಷವೂ ತುಂಬಿತ್ತೋ ಇಲ್ಲವೋ. ರೋಮಿನಲ್ಲಿ ಜೋಸೆಫ್ ತೂರ್ನಿ ಅನ್ನುವ ಕೆತ್ತನೆಗಾರರ ಗೆಳೆತನವಾಯಿತು. ಆ ತೂರ್ನಿ ಮೇಜಿನ ಮುಂದೆ ಕೂತು ತಲೆ ಎತ್ತಿ ನಮ್ಮನ್ನು ನೋಡುವ ಹಾಗೆ ಮಾಡಿದರು. ಡಚ್ ಚಿತ್ರಕಾರ ರೆಂಬ್ರಾಂಟ್ 1648ರಲ್ಲಿ ಕಿಟಕಿಯ ಪಕ್ಕ ಕೂತು ಚಿತ್ರ ಬರೆಯುತ್ತಿರುವ ತನ್ನದೇ ಎಚ್ಚಿಂಗ್ ಮಾಡಿದ್ದರಲ್ಲ, ಕೂತ ಭಂಗಿ ಅದರಿಂದ ಎತ್ತಿದ್ದು. ಬಹಳ ವರ್ಷ ಆದ ಮೇಲೆ ದೆಗಾ ಅದೇ ತಗಡನ್ನು ಹೊರಗೆ ತೆಗೆದು ಬೇರೆ ಬೇರೆ ಥರ ಇಂಕು ಹಚ್ಚಿ ಅಚ್ಚು ತೆಗೆದರು. ಒಂದರಲ್ಲಿ ತೂರ್ನಿ ಬೆಳಕಿನಲ್ಲಿ, ಇನ್ನೊಂದರಲ್ಲಿ ಕತ್ತಲೆ ಕೋಣೆಯಲ್ಲಿ. ಮ್ಯೂಸಿಯಂ ಸೈಟುಗಳಲ್ಲಿ ಎರಡನ್ನೂ ಪಕ್ಕಪಕ್ಕ ತೆರೆದು ನೋಡಿ, ಆಮೇಲೆ ಜೆರಾಕ್ಸ್ ಅನ್ನಿ.

ಈ ಇಂಕಿನ ಹುಚ್ಚು ಕೊನೆಗೆ ಎಲ್ಲಿಗೆ ಹೋಯಿತೆಂದರೆ, 1870ರ ದಶಕದಲ್ಲಿ ಗೆರೆ ಕೊರೆಯದೆಯೂ ಅಚ್ಚು ತೆಗೆದರು. ನಯವಾದ ತಗಡಿನ ಮೇಲೆ ಇಂಕು ಬಳಿದು, ಬಟ್ಟೆ ಬೆರಳುಗಳಿಂದ ಒರೆಸಿ ಚಿತ್ರ ಮಾಡಿ, ಒಂದೋ ಎರಡೋ ಅಚ್ಚು. ಅದೇ ಮಾನೊಟೈಪ್.

ಹಾಗಾಗಿ ಸೋನ್ ದಡ ಅವರ ಕಾಗದದಲ್ಲಿ ಗೆರೆ ದೆಗಾ ಅವರದು, ಒರೆಸಿದ ಕೈ ಅವರದಲ್ಲ. ಅಂಗಡಿಯಲ್ಲಿ ಇದನ್ನು ಮುಚ್ಚಿಟ್ಟರೆ ಅನ್ಯಾಯ. ಹೇಳಿ ಮಾರಿದರೆ ಅನ್ಯಾಯ ಏನಿಲ್ಲ.

ಖಾರಾಬಾತ್:
ದೋಸೆ ಉದಾಹರಣೆ ಕೊಟ್ಟು ನನ್ನ ಬಾಯಿ ಮುಚ್ಚಿಸಿದಿರಿ. ಒಪ್ಪಿದೆ ಅಂತಲ್ಲ. ಆದರೆ ತೂರ್ನಿ ಚಿತ್ರ ಎರಡು ಟ್ಯಾಬಿನಲ್ಲಿ ತೆಗೆದು ನೋಡಿದೆ. ಒಂದೇ ತಗಡು ಅಂತ ನಂಬುವುದು ಕಷ್ಟ.

ಒಂದು ಅನುಮಾನ. ಇಷ್ಟೆಲ್ಲ ಒದ್ದಾಟ ಚಿತ್ರಕಾರರಿಗೆ ಯಾಕೆ? ಆಗಲೇ ಫೋಟೋ ಬಂದಿತ್ತಲ್ಲ?

ಹಳೇಕಾಗದ:
ಫೋಟೋ ಬಂದದ್ದೇ ಒಂದು ಕಾರಣ ಅಂತ ಹೇಳುವವರಿದ್ದಾರೆ. ಅದುವರೆಗೆ ದೊಡ್ಡ ಚಿತ್ರಗಳ ನಕಲನ್ನು ಮನೆಮನೆಗೆ ಮುಟ್ಟಿಸುತ್ತಿದ್ದದ್ದು ಕೆತ್ತನೆಗಾರರು. ಆ ಕೆಲಸವನ್ನು ಕ್ಯಾಮೆರಾ ಕಿತ್ತುಕೊಳ್ಳತೊಡಗಿತು. ಹಾಗಾಗಿ ಚಿತ್ರಕಾರರೇ ಸೂಜಿ ಹಿಡಿದರು, ನಕಲಿಗಲ್ಲ, ಸ್ವಂತ ಚಿತ್ರಕ್ಕೆ. 1862ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಕಾದಾರ್ ಅನ್ನುವ ಪ್ರಕಾಶಕ ಎಚ್ಚಿಂಗ್ ಮಾಡುವವರ ಒಂದು ಸಂಘವನ್ನೇ ಕಟ್ಟಿದ. ಅಚ್ಚು ಹಾಕುವವನು ಓಗ್ಯುಸ್ತ್ ದೆಲಾತ್ರ್. ಚಂದಾ ಕಟ್ಟಿದರೆ ತಿಂಗಳಿಗೆ ಐದು ಎಚ್ಚಿಂಗ್ ಮನೆಗೆ ಬರುತ್ತಿತ್ತು, ಮಾಸಪತ್ರಿಕೆ ಬಂದ ಹಾಗೆ. ಮಾನೆಯೂ ಅದರಲ್ಲಿದ್ದ. ಕವಿ ಬೋದಲೇರ್ ಅದೇ ವರ್ಷ ಎಚ್ಚಿಂಗ್ ಪರವಾಗಿ ಲೇಖನ ಬರೆದ. ಸಂಘ 1867ರವರೆಗೆ ನಡೆಯಿತು.

ನಿದ್ದೆಗೆಟ್ಟವ:
ತಿಂಗಳಿಗೆ ಐದು ಎಚ್ಚಿಂಗ್! ನನಗೆ ತಿಂಗಳಿಗೆ ಬರುವುದು ಕರೆಂಟ್ ಬಿಲ್.

ಟೈಲರ್ ಮಗ:
ಮಸಿಬೆರಳು ಮೇಡಂ, ಆಸಿಡ್ ಅಂದ್ರೆ ಅಪಾಯ ಅಲ್ವಾ? ಮನೆಯಲ್ಲಿ ಮಾಡಬಹುದಾ?

ಮಸಿಬೆರಳು:
ನೈಟ್ರಿಕ್ ಆಸಿಡ್ ಮನೆಯಲ್ಲಿ ಬೇಡವೇ ಬೇಡ. ಅದರ ಹೊಗೆ ಎದೆಗೆ ಕೆಟ್ಟದ್ದು. ಈಗ ತಾಮ್ರಕ್ಕೆ ಫೆರಿಕ್ ಕ್ಲೋರೈಡ್ ಬಳಸುವವರೇ ಜಾಸ್ತಿ. ಅದಕ್ಕೂ ಗ್ಲೌಸ್, ಗಾಳಿಯಾಡುವ ಜಾಗ ಬೇಕೇ ಬೇಕು.

ನಾವು ಓದುವಾಗ ನೈಟ್ರಿಕ್ಕೇ ಇತ್ತು. ಆಸಿಡ್‌ನಲ್ಲಿ ತಗಡು ಇಟ್ಟರೆ ಗೆರೆಗಳ ಮೇಲೆ ಗುಳ್ಳೆ ಏಳುತ್ತದೆ. ಗುಳ್ಳೆ ಕೂತ ಕಡೆ ಆಸಿಡ್ ಸರಿಯಾಗಿ ತಿನ್ನುವುದಿಲ್ಲ. ಅದಕ್ಕೇ ಹಕ್ಕಿಯ ಗರಿಯಿಂದ ಗುಳ್ಳೆಗಳನ್ನು ಮೆಲ್ಲಗೆ ಸರಿಸುತ್ತಿರಬೇಕು. ನಾನು ನನ್ನ ಅಜ್ಜಿ ಕೂತು ಅಕ್ಕಿ ಆರಿಸುವ ಚಿತ್ರ ಮಾಡಿದ್ದೆ, ಮೂರು ವಾರದ ಕೆಲಸ. ಗರಿ ಗೆಳತಿಯ ಕೈಗೆ ಕೊಟ್ಟು ಟೀ ಕುಡಿಯಲು ಹೋದೆ. ಅವಳು ಇನ್ನಾರ ಜೊತೆಯೋ ಹರಟೆಗೆ ಬಿದ್ದಳು. ಬಂದು ನೋಡುವಾಗ ಲೇಪವೇ ಕಿತ್ತುಬಂದು ಅಜ್ಜಿಯ ಸೀರೆ ಎಲ್ಲ ಒಂದೇ ಕರಿ ಗುಂಡಿ. ಆ ತಗಡಿನಿಂದ ಒಂದು ಅಚ್ಚು ತೆಗೆದೆ, ನೆನಪಿಗೆ. ಅಜ್ಜಿಗೆ ತೋರಿಸಿದರೆ "ನನ್ನ ಸೀರೆ ಇಷ್ಟು ಕಪ್ಪು ಇಲ್ಲ" ಅಂದರು ಅಷ್ಟೇ.

ಸೋನ್ ದಡ:
ಆ ಅಜ್ಜಿ ಚಿತ್ರ ಹಾಕಿ ಮೇಡಂ!

ನೀಲಿಕೊಡೆ ಮೇಡಂ, ಜಗಳದ ಕಥೆ ಬಾಕಿ ಇದೆ. ಶನಿವಾರ ಅಂಗಡಿಗೆ ಹೋಗುವ ಮೊದಲು ಕೇಳಬೇಕು ನನಗೆ.

ನೀಲಿಕೊಡೆ:
ಇಲ್ಲೂ ಗೀರೇ ಇದೆ, ಅದಕ್ಕೇ ಹೇಳಲು ಇಷ್ಟು ಆಸೆ.

1868-69ರ ಸುಮಾರಿಗೆ ದೆಗಾ ಒಂದು ಎಣ್ಣೆ ಬಣ್ಣದ ಚಿತ್ರ ಮಾಡಿದರು. ಮಾನೆಯ ಹೆಂಡತಿ ಸುಜಾನ್ ಪಿಯಾನೊ ನುಡಿಸುತ್ತಿದ್ದಾರೆ. ಮಾನೆ ಸೋಫಾದ ಮೇಲೆ ಕಾಲು ಮಡಚಿ ಒರಗಿ ಕೇಳುತ್ತಿದ್ದಾನೆ. ಕೇಳುತ್ತಿದ್ದಾನೋ ಬೇಜಾರಾಗಿದೆಯೋ ಹೇಳುವುದು ಕಷ್ಟ. ಚಿತ್ರವನ್ನು ಗೆಳೆಯನಿಗೇ ಉಡುಗೊರೆ ಕೊಟ್ಟರು. ಸ್ವಲ್ಪ ದಿನ ಬಿಟ್ಟು ಮಾನೆಯ ಮನೆಗೆ ಹೋದಾಗ ದೆಗಾಗೆ ಎದೆ ಧಸಕ್ಕೆಂದಿತು. ಕ್ಯಾನ್ವಾಸಿನ ಬಲಭಾಗವೇ ಇಲ್ಲ. ಸುಜಾನ್ ಮುಖ, ಪಿಯಾನೊ ಎಲ್ಲ ಕತ್ತರಿಸಿ ಹೋಗಿದೆ. ಹೆಂಡತಿ ಚೆನ್ನಾಗಿ ಬಂದಿಲ್ಲ ಅಂತ ಮಾನೆಯೇ ಕತ್ತರಿಸಿದ್ದ.

ದೆಗಾ ಮಾತಾಡದೆ ಚಿತ್ರವನ್ನು ಕಂಕುಳಲ್ಲಿ ಹಿಡಿದು ಹೊರಟರು. ಮನೆಗೆ ಹೋಗಿ, ಮಾನೆ ಹಿಂದೆ ಕೊಟ್ಟಿದ್ದ ಒಂದು ಸಣ್ಣ ಚಿತ್ರವನ್ನು ಗೋಡೆಯಿಂದ ಇಳಿಸಿ ವಾಪಸ್ ಕಳಿಸಿದರು. ಆಮೇಲೆ ಇಬ್ಬರೂ ರಾಜಿಯಾದರು. ಮಾನೆ ಜೊತೆ ಬಹಳ ದಿನ ಸಿಟ್ಟು ಇಟ್ಟುಕೊಳ್ಳಲು ಆಗುತ್ತದೆಯೇ ಅನ್ನುವ ಅರ್ಥದ ಮಾತನ್ನು ದೆಗಾ ಮುದಿ ವಯಸ್ಸಿನಲ್ಲಿ ಚಿತ್ರವ್ಯಾಪಾರಿ ವೊಲ್ಲಾರ್ ಹತ್ತಿರ ಹೇಳಿದರಂತೆ. ಆದರೆ ವಾಪಸ್ ಕಳಿಸಿದ ಆ ಸಣ್ಣ ಚಿತ್ರವನ್ನು ಮಾನೆ ಅಷ್ಟರಲ್ಲಿ ಮಾರಿಬಿಟ್ಟಿದ್ದ!

ಕತ್ತರಿಸಿದ ಕಡೆಗೆ ದೆಗಾ ಖಾಲಿ ಕ್ಯಾನ್ವಾಸ್ ಪಟ್ಟಿ ಜೋಡಿಸಿಟ್ಟರು, ಸುಜಾನ್‌ರನ್ನು ಮತ್ತೆ ಬರೆಯೋಣ ಅಂತ. ಬರೆಯಲೇ ಇಲ್ಲ. ಆ ಚಿತ್ರ ಈಗ ಜಪಾನಿನ ಕಿತಾಕ್ಯೂಶೂ ಮ್ಯೂಸಿಯಂನಲ್ಲಿದೆ. ಪಟ್ಟಿ ಇನ್ನೂ ಖಾಲಿ.

ಹಳೇಕಾಗದ:
ಕಥೆಯ ಉಳಿದ ಅರ್ಧ ನಾನು ಹೇಳಲೇ ಮೇಡಂ?

ನೀಲಿಕೊಡೆ:
ಹೇಳಿ ಸರ್, ಮ್ಯಾಕ್ಸಿಮಿಲಿಯನ್ ಚಿತ್ರದ್ದು ತಾನೇ?

ಹಳೇಕಾಗದ:
ಹೌದು. ಮೆಕ್ಸಿಕೋದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನನ್ನು 1867ರಲ್ಲಿ ಗುಂಡಿಟ್ಟು ಕೊಂದರು. ಮಾನೆ ಆ ಘಟನೆಯನ್ನು ದೊಡ್ಡ ದೊಡ್ಡ ಕ್ಯಾನ್ವಾಸುಗಳಲ್ಲಿ ಬರೆದ. 1883ರಲ್ಲಿ ಮಾನೆ ತೀರಿಕೊಂಡ. ಆಮೇಲೆ ಒಂದು ಕ್ಯಾನ್ವಾಸನ್ನು ಮನೆಯವರು ತುಂಡು ತುಂಡಾಗಿ ಕತ್ತರಿಸಿ ಮಾರಿದರು. ಆ ತುಂಡುಗಳನ್ನು ಹುಡುಕಿ ಹುಡುಕಿ ಕೊಂಡು, ಒಂದೇ ಕ್ಯಾನ್ವಾಸಿನ ಮೇಲೆ ಜೋಡಿ ಮಾಡಿದವರು ಯಾರು ಹೇಳಿ? ದೆಗಾ. ಯಾರ ಚಿತ್ರವನ್ನು ಮಾನೆ ಕತ್ತರಿಸಿದ್ದನೋ ಅದೇ ದೆಗಾ.

1918ರ ಮಾರ್ಚಿನಲ್ಲಿ ದೆಗಾ ಸಂಗ್ರಹ ಹರಾಜಾಯಿತು. ಜರ್ಮನ್ ಫಿರಂಗಿ ಪ್ಯಾರಿಸ್ಸಿನ ಮೇಲೆ ಗುಂಡು ಹಾಕುತ್ತಿದ್ದ ದಿನಗಳು. ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಈ ತುಂಡುಗಳನ್ನು ಅಲ್ಲಿಂದಲೇ ತಂದರು. ಅದಕ್ಕೆ ಸರ್ಕಾರದಿಂದ ದುಡ್ಡು ಹೊರಡಿಸಿದವರು ಅರ್ಥಶಾಸ್ತ್ರದ ಜಾನ್ ಮೇನಾರ್ಡ್ ಕೇನ್ಸ್. ಆ ಸಂಗ್ರಹದಲ್ಲಿ ಮಾನೆ ಮಾಡಿದ ಪ್ರಿಂಟ್‌ಗಳು ರಾಶಿ ಇದ್ದವು. ಜೊತೆಗಾರ ಹೋದ ಮೇಲೂ ಅವನ ಕಾಗದ ಕೂಡಿಡುತ್ತಲೇ ಇದ್ದರು ಅಂತಾಯಿತು.

ನಿದ್ದೆಗೆಟ್ಟವ:
ಒನ್ ಸೈಡ್ ಲವ್ ಅಂದಿದ್ದು ತಮಾಷೆಗೆ. ಈಗ ಗಂಟಲು ಕಟ್ಟಿತು ಗುರುಗಳೇ.

ಸೋನ್ ದಡ:
ಶನಿವಾರದ ವರದಿ.

ಪಕ್ಕದ ಮನೆಯ ಅಜ್ಜನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ, ಫ್ರೆಂಚ್ ಮಾತಿಗೆ. ರದ್ದಾದ ತಗಡಿನದೇ ಅಂತ ಕೇಳಿದೆ. ಹೌದು ಅಂದರು ಅಂಗಡಿಯಾಕೆ. ಮೊದಲ ದಿನವೇ ನಿನಗೆ ಹೇಳಿದೆನಲ್ಲ, ನೀನು ತಲೆ ಆಡಿಸಿದೆ ಅಂದರು. ಆಕೆ ನಕ್ಕು ಹೇಳಿದ್ದು ಅದೇ! ಮುಚ್ಚಿಟ್ಟದ್ದು ಏನೂ ಇರಲಿಲ್ಲ. ನಾನೇ ಅರ್ಥವಾಗದೆ "ವೀ ವೀ" ಅಂದಿದ್ದೆ.

ಚೌಕಾಸಿ ಮಾಡಿದೆ. ಸ್ವಲ್ಪ ಇಳಿಸಿದರು. ತಗೊಂಡೆ.

ಈಗ ಮೇಜಿನ ಮೇಲಿದೆ. ಮೊದಲ ದಿನ ಗೀರು ಮಾತ್ರ ಕಾಣುತ್ತಿತ್ತು, ಆ ಮನುಷ್ಯ ಗೀರಿನ ಹಿಂದೆ ಜೈಲಿನಲ್ಲಿ ಕೂತ ಹಾಗೆ. ಈಗ ಕಣ್ಣು ಗೀರನ್ನು ದಾಟಿ ಹೋಗುತ್ತದೆ. ಹ್ಯಾಟ್ ಹಿಡಿದ ಕೈಯನ್ನೇ ಎಷ್ಟೋ ಹೊತ್ತು ನೋಡಿದೆ. ಫ್ರೇಮ್ ಬಗ್ಗೆ ಯಾರಾದರೂ ಹೇಳುತ್ತೀರಾ?

ಮಸಿಬೆರಳು:
ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಕೇಳಿ ಹಾಕಿಸಿ. ಸಾದಾ ರಟ್ಟು ಹಾಕಿದರೆ ಕೆಲವೇ ವರ್ಷದಲ್ಲಿ ಕಾಗದ ಹಳದಿಯಾಗುತ್ತದೆ. ಗಾಜು ಕಾಗದಕ್ಕೆ ಅಂಟಬಾರದು, ನಡುವೆ ಜಾಗ ಇರಲಿ. ಅಂಚು ಕತ್ತರಿಸಲು ಯಾರಿಗೂ ಬಿಡಬೇಡಿ, ಆ ಚೌಕದ ಒತ್ತಂತೂ ಮುಟ್ಟಬಾರದು. ಸೆಲ್ಲೋಟೇಪ್ ಅನ್ನುವ ಮಾತೇ ಬೇಡ. ನೇರ ಬಿಸಿಲು ಬೀಳದ ಗೋಡೆ ನೋಡಿ.

ಹಳೇಕಾಗದ:
ಬಿಲ್ಲಿನ ಮೇಲೆ "ರದ್ದಾದ ತಗಡಿನ ಅಚ್ಚು" ಅಂತ ಬರೆಸಿಕೊಂಡಿರಾ? ಇಲ್ಲದಿದ್ದರೆ ವಾಪಸ್ ಹೋಗಿ ಬರೆಸಿ. ಮುಂದೆ ನಿಮ್ಮ ಮಕ್ಕಳು ಯಾರಿಗಾದರೂ ಕೊಡುವಾಗ ಅವರಿಗೂ ಗೊತ್ತಿರಬೇಕು.

ಸೋನ್ ದಡ:
ಬರೆಸಿಕೊಂಡೆ ಸರ್. ಆಕೆಯೇ ಬರೆದರು, ದೆಲ್ತೈಲ್ ನಂಬರ್ ಸಮೇತ.

ಖಾರಾಬಾತ್:
ಒಂದು ಫೋಟೋ ಹಾಕಿ ಸೋನ್ ದಡ ಅವರೇ. ಮುಂಭಾಗ ಮ್ಯೂಸಿಯಂ ಸೈಟಿನಲ್ಲಿ ನೋಡಾಯಿತು. ಫ್ರೇಮ್ ಕಟ್ಟಿಸುವ ಮೊದಲು ಹಿಂಭಾಗದ್ದು ಹಾಕಿ, ಓರೆಯಾಗಿ ಲೈಟ್ ಬಿಟ್ಟು. ಆ ಉಬ್ಬು ಕಾಣಬೇಕು.